ಬಾಗಿಲಿರುವ ಬಾತ್‌ಟಬ್ ನಮ್ಮ ಬಚ್ಚಲಿಗೆ ಹೊಂದುತ್ತಾ?

ಕಳೆದ ಮಳೆಗಾಲದಲ್ಲಿ ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಬಚ್ಚಲಲ್ಲಿ ಅಮ್ಮ ಜಾರಿ ಬಿದ್ದರು. ಅವರಿಗೆ 78 ವರ್ಷ. ಸ್ನಾನ ಮುಗಿಸಿ, ಸೀರೆ ಸುತ್ತಿಕೊಂಡು ಹೊಸ್ತಿಲು ದಾಟುವಾಗ ಹಿಂದಿನ ಕಾಲು ಜಾರಿತು. ಬಾಗಿಲ ಚೌಕಟ್ಟಿಗೆ ಕೈ ಸಿಕ್ಕಿದ್ದರಿಂದ ಸೊಂಟ ಉಳಿಯಿತು. ಎಡಗೈ ಮಣಿಕಟ್ಟು ಮಾತ್ರ ಮುರಿಯಿತು. ಆರು ವಾರ ಪ್ಲಾಸ್ಟರ್.

ಅಣ್ಣ ಇರುವುದು ಅಮೆರಿಕದಲ್ಲಿ. ಸುದ್ದಿ ಕೇಳಿ ಗಾಬರಿಯಾಗಿ, ಮಾರನೇ ದಿನವೇ ಒಂದು ವಿಡಿಯೊ ಕಳಿಸಿದ. ಒಬ್ಬ ಅಜ್ಜಿ ಬಾತ್‌ಟಬ್‌ನ ಪಕ್ಕದಲ್ಲಿರುವ ಬಾಗಿಲು ತೆಗೆದು, ಒಳಗೆ ನಡೆದು ಹೋಗಿ, ಕುರ್ಚಿಯಂಥ ಸೀಟಿನ ಮೇಲೆ ಕೂತು, ಕುತ್ತಿಗೆವರೆಗೂ ಬಿಸಿನೀರು ತುಂಬಿಸಿಕೊಂಡು ನಗುತ್ತಿದ್ದರು. 'ವಾಕ್-ಇನ್ ಟಬ್' ಅಂತ ಅದಕ್ಕೆ ಹೆಸರು. "ದುಡ್ಡು ಎಷ್ಟಾದರೂ ಆಗಲಿ, ಇದನ್ನೇ ಹಾಕಿಸು" ಅಂದ. ಅಮ್ಮನೂ ವಿಡಿಯೊ ನೋಡಿ, "ಚೆನ್ನಾಗಿದೆ ಅಲ್ವಾ, ಮಂಡಿಗೂ ಹಿತವಾಗಿರುತ್ತೆ" ಅಂದರು.

ನಾನು ಎರಡು ತಿಂಗಳು ಇದರ ಹಿಂದೆ ಬಿದ್ದೆ. ಪ್ಲಂಬರ್, ಮನೆ ಕಟ್ಟಿಕೊಡುವ ಎಂಜಿನಿಯರ್, ಅಮ್ಮನ ಡಾಕ್ಟರ್, ಫಿಜಿಯೋಥೆರಪಿಸ್ಟ್ ಎಲ್ಲರನ್ನೂ ಕೇಳಿದೆ. ಲೆಕ್ಕ ಹಾಕಿದೆ. ನಿಮ್ಮ ಮನೆಯಲ್ಲೂ ವಯಸ್ಸಾದವರಿದ್ದು, ಮಗನೋ ಮಗಳೋ ದೂರದೂರಿಂದ ಇಂಥ ವಿಡಿಯೊ ಕಳಿಸಿದ್ದರೆ, ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ. ಮೈಸೂರಿನಂಥ ಊರಲ್ಲಿ, ನಿವೃತ್ತರಾಗಿ ಸ್ವಂತ ಮನೆಯಲ್ಲಿ ಇಬ್ಬರೇ ಇರುವವರು, ಒಬ್ಬರೇ ಇರುವವರು ಬೀದಿಗೆ ನಾಲ್ಕು ಮನೆಯಲ್ಲಿ ಸಿಗುತ್ತಾರೆ. ಬಿದ್ದು ಪೆಟ್ಟಾಗುವುದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ. ಆಕಸ್ಮಿಕ ಗಾಯಗಳ ಸಾವಿನಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ಮುಂದು. ಹೀಗೆ ಸಾಯುವವರಲ್ಲಿ 60 ದಾಟಿದವರೇ ಹೆಚ್ಚು.

ಇದು ಯಾರ ಕಷ್ಟಕ್ಕೆ ಹುಟ್ಟಿದ ಟಬ್?

ಮಾಮೂಲಿ ಬಾತ್‌ಟಬ್‌ನ ಗೋಡೆ ಹೆಚ್ಚುಕಡಿಮೆ ಮಂಡಿಯೆತ್ತರ ಇರುತ್ತದೆ. ಒಳಗೆ ಹೋಗಬೇಕಾದರೆ ಒಂದು ಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ಅಷ್ಟೆತ್ತರ ಎತ್ತಿ ದಾಟಿಸಬೇಕು. ಹೊರಗೆ ಬರುವಾಗಲೂ ಅಷ್ಟೇ, ಆಗ ಮೈ ಕಾಲು ಎಲ್ಲ ಒದ್ದೆ. ಅಮೆರಿಕದ ಬಹಳಷ್ಟು ಹಳೆಯ ಮನೆಗಳಲ್ಲಿ ಶವರ್ ಕೂಡ ಟಬ್ ಒಳಗೇ ಇರುತ್ತದೆ. ಅಂದರೆ ಸುಮ್ನೆ ಎರಡು ನಿಮಿಷ ಮೈ ತೊಳೆದುಕೊಳ್ಳಬೇಕಾದರೂ ಆ ಗೋಡೆ ಹತ್ತಿಳಿಯಲೇಬೇಕು. ಮಂಡಿ ನೋವಿನವರಿಗೆ, ಬ್ಯಾಲೆನ್ಸ್ ತಪ್ಪುವವರಿಗೆ ಅದು ದಿನಾ ಒಂದು ಗಂಡಾಂತರ.

ಅದಕ್ಕೆ ಕಂಡುಕೊಂಡ ದಾರಿಯೇ ಗೋಡೆಗೆ ಬಾಗಿಲಿಡುವುದು. ಬಾಗಿಲ ಕೆಳಗಿನ ಮೆಟ್ಟಿಲು ಸಾಮಾನ್ಯವಾಗಿ 4ರಿಂದ 7 ಇಂಚು. ಒಳಗೆ ಸುಮಾರು 17 ಇಂಚು ಎತ್ತರದ ಸೀಟು, ಅಂದರೆ ನಮ್ಮ ಊಟದ ಟೇಬಲ್ ಕುರ್ಚಿಯಷ್ಟು. ಹಿಡಿದುಕೊಳ್ಳಲು ಸ್ಟೀಲ್ ಹಿಡಿ, ಕೈಗೆ ಸಿಗುವ ಹಾಗೆ ಒಂದು ಹ್ಯಾಂಡ್ ಶವರ್. ನೆಲಕ್ಕೆ ಕೂರುವ, ಮಲಗುವ ಗೋಜಿಲ್ಲ. ಆ ಮನೆಗಳಿಗೆ, ಆ ಕಷ್ಟಕ್ಕೆ ಇದು ನಿಜವಾಗಿಯೂ ಒಳ್ಳೆಯ ಉತ್ತರ.

ಈಗ ನಮ್ಮ ಬಚ್ಚಲು ನೋಡಿ. ದಾಟಬೇಕಾದ ಟಬ್ಬೇ ಇಲ್ಲ. ಬಕೆಟ್ಟು, ಚೊಂಬು, ಒಂದು ಮಣೆ ಅಥವಾ ಸ್ಟೂಲು. ನಮ್ಮವರು ಬೀಳುವುದು ಒದ್ದೆ ನೆಲದ ಮೇಲೆ, ಹೊಸ್ತಿಲಲ್ಲಿ, ತಗ್ಗಾದ ಮಣೆಯಿಂದ ಏಳುವಾಗ, ಬಕೆಟ್ಟಿಗೆ ಬಗ್ಗಿ ಚೊಂಬೆತ್ತುವಾಗ. ಅಮ್ಮ ಬಿದ್ದದ್ದೂ ಹಾಗೇ. ಬಾಗಿಲಿರುವ ಟಬ್ ಇವುಗಳಲ್ಲಿ ಬಗ್ಗುವ, ಏಳುವ ಕಷ್ಟಗಳನ್ನು ಕಡಿಮೆ ಮಾಡುತ್ತದೆ. ಆದರೆ ಅದರಿಂದ ಈಚೆ ಬಂದ ಮೇಲೆ ಕಾಲಿಡುವುದು ಅದೇ ಒದ್ದೆ ನೆಲದ ಮೇಲೆ, ದಾಟುವುದು ಅದೇ ಹೊಸ್ತಿಲನ್ನು. ಇಷ್ಟನ್ನು ಮನಸ್ಸಲ್ಲಿಟ್ಟುಕೊಂಡು ಮುಂದೆ ನೋಡೋಣ.

ಕೂತು ಕಾಯಬೇಕು, ಎರಡು ಸಲ

ವಿಡಿಯೊದಲ್ಲಿ ತೋರಿಸದ ವಿಷಯ ಇದು. ಟಬ್‌ಗೆ ಬಾಗಿಲಿದೆ ಅಂದರೆ, ಮೊದಲೇ ನೀರು ತುಂಬಿಸಿಟ್ಟು ಆಮೇಲೆ ಒಳಗೆ ಹೋಗುವ ಹಾಗಿಲ್ಲ. ಖಾಲಿ ಟಬ್ ಒಳಗೆ ಹೋಗಿ, ಬಾಗಿಲು ಹಾಕಿ, ಬಟ್ಟೆಯಿಲ್ಲದೆ ಕೂತ ಮೇಲೆ ನಲ್ಲಿ ತಿರುಗಿಸಬೇಕು. ನೀರು ತುಂಬುವವರೆಗೂ ಹಾಗೇ ಕೂತಿರಬೇಕು. ಸ್ನಾನ ಮುಗಿದ ಮೇಲೆ ನೀರೆಲ್ಲ ಬಸಿದು ಹೋಗುವವರೆಗೂ ಬಾಗಿಲು ತೆಗೆಯುವಂತಿಲ್ಲ. ಆಗ ಮೈ ಒದ್ದೆ, ಬಿಸಿನೀರು ಇಳಿಯುತ್ತಾ ಹೋಗುತ್ತದೆ, ಚಳಿ ಶುರುವಾಗುತ್ತದೆ.

ಎಷ್ಟು ಹೊತ್ತು? ಇದನ್ನು ಯಾರನ್ನೂ ಕೇಳಬೇಕಾಗಿಲ್ಲ, ನಿಮ್ಮ ಮನೆಯಲ್ಲೇ ಅಳೆಯಬಹುದು. ನಾವು 20 ಲೀಟರಿನ ಬಕೆಟ್ ಇಟ್ಟು, ಬಚ್ಚಲ ನಲ್ಲಿ ಪೂರ್ತಿ ಬಿಟ್ಟು, ಫೋನಿನಲ್ಲಿ ಸಮಯ ನೋಡಿದೆವು. ತುಂಬಲು ಎರಡೂವರೆ ನಿಮಿಷ ಬೇಕಾಯಿತು. ಅಂದರೆ ನಿಮಿಷಕ್ಕೆ 8 ಲೀಟರ್. ಈ ಟಬ್‌ಗಳಲ್ಲಿ ಅಳತೆಗೆ ತಕ್ಕಂತೆ ಸುಮಾರು 150ರಿಂದ 300 ಲೀಟರ್ ನೀರು ಹಿಡಿಯುತ್ತದೆ. ಮಧ್ಯಮ ಗಾತ್ರದ್ದು ಅಂತ 180 ಲೀಟರ್ ಹಿಡಿದರೂ ತುಂಬಲು 22 ನಿಮಿಷ ಬೇಕು.

ಅಮ್ಮನಿಗೆ ಇದು ಅರ್ಥವಾಗಲಿ ಅಂತ ಬಚ್ಚಲಲ್ಲೇ ಒಂದು ಕುರ್ಚಿ ಹಾಕಿ, "22 ನಿಮಿಷ ಇಲ್ಲೇ ಕೂತ್ಕೊಂಡು ನೋಡಮ್ಮ" ಅಂದೆ. ಸೀರೆ ಉಟ್ಟುಕೊಂಡೇ ಕೂತರು. ಐದು ನಿಮಿಷಕ್ಕೆ ವಿಷ್ಣು ಸಹಸ್ರನಾಮ ಶುರು ಮಾಡಿದರು. ಹನ್ನೆರಡನೇ ನಿಮಿಷಕ್ಕೆ ಎದ್ದು ಬಂದರು. "ಬಟ್ಟೆ ಇದ್ದೇ ಕಾಲು ತಣ್ಣಗಾಯ್ತು ಕಣೇ. ಮಾರ್ಗಶಿರದಲ್ಲಿ ಬೆಳಗ್ಗೆ ಬರೀ ಮೈಯಲ್ಲಿ ಹೇಗೆ ಕೂರಲಿ?" ಅಂದರು. ಆ ಒಂದು ಪ್ರಶ್ನೆಯಿಂದಲೇ ನಮ್ಮ ಅರ್ಧ ತೀರ್ಮಾನ ಆಗಿಹೋಯಿತು.

ಅಮೆರಿಕದಲ್ಲಿ ಇಷ್ಟು ತಡವಾಗದಿರಲು ಕಾರಣ ನೀರಿನ ಒತ್ತಡ. ನಮ್ಮಲ್ಲಿ ನೀರು ತಾರಸಿ ಮೇಲಿನ ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಟ್ಯಾಂಕಿನ ನೀರು ನಲ್ಲಿಗಿಂತ ಮೂರು ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 0.3 ಬಾರ್. ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್, ಹತ್ತು ಪಟ್ಟಿಗೂ ಜಾಸ್ತಿ. ಪ್ರೆಷರ್ ಪಂಪ್ ಹಾಕಿಸಿದರೆ ನಮ್ಮಲ್ಲೂ ಬೇಗ ತುಂಬುತ್ತದೆ. ಅದು ಬೇರೆ ಖರ್ಚು, ಕರೆಂಟ್ ಹೋದರೆ ಅದೂ ನಿಲ್ಲುತ್ತದೆ.

ಇನ್ನು ಬಾಗಿಲ ವಿಷಯ. ಕೆಲವು ಒಳಗೆ ತೆರೆಯುತ್ತವೆ, ಕೆಲವು ಹೊರಗೆ. ಒಳಗೆ ತೆರೆಯುವ ಬಾಗಿಲನ್ನು ನೀರೇ ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ, ಹಾಗಾಗಿ ಸೋರುವುದು ಕಡಿಮೆ. ಆದರೆ ಆ ಒತ್ತುವಿಕೆ ಎಷ್ಟು ಗೊತ್ತಾ? ಬಾಗಿಲು 40 ಸೆಂಟಿಮೀಟರ್ ಅಗಲವಿದ್ದು, ಅದರ ಮೇಲೆ 60 ಸೆಂಟಿಮೀಟರ್ ಎತ್ತರಕ್ಕೆ ನೀರು ನಿಂತಿದ್ದರೆ, ಒಟ್ಟು ಒತ್ತಡ 70 ಕೆಜಿ ತೂಕಕ್ಕೆ ಸಮ. ಒಬ್ಬ ದೊಡ್ಡ ಮನುಷ್ಯ ಬಾಗಿಲಿಗೆ ಒರಗಿ ನಿಂತ ಹಾಗೆ. ಒಳಗಿರುವವರಿಗೆ ತಲೆ ಸುತ್ತಿದರೆ, ಎದೆ ನೋವು ಬಂದರೆ, ನೀರು ಖಾಲಿಯಾಗುವ ಮುಂಚೆ ಆ ಬಾಗಿಲು ತೆಗೆಯಲು ಯಾರಿಂದಲೂ ಆಗುವುದಿಲ್ಲ. ಖಾಲಿಯಾದ ಮೇಲೂ ಒಳಗಿರುವವರು ಬಾಗಿಲಿಗೆ ಅಡ್ಡವಾಗಿ ಕುಸಿದಿದ್ದರೆ ಕಷ್ಟವೇ. 108 ಆಂಬುಲೆನ್ಸಿನವರು ಬಂದರೂ ಮೇಲಿನಿಂದ ಎತ್ತಬೇಕಾಗುತ್ತದೆ. ಹೊರಗೆ ತೆರೆಯುವ ಬಾಗಿಲಲ್ಲಿ ಈ ತೊಂದರೆ ಕಡಿಮೆ, ವೀಲ್‌ಚೇರಿನಿಂದ ಸೀಟಿಗೆ ಜಾರಿಕೊಳ್ಳುವುದೂ ಸುಲಭ. ಆದರೆ ಅಷ್ಟೂ ಒತ್ತಡ ಬಾಗಿಲ ಚಿಲಕ ಮತ್ತು ರಬ್ಬರ್ ಪಟ್ಟಿಯ ಮೇಲೆ ಬೀಳುತ್ತದೆ, ಅವು ಗಟ್ಟಿಯಾಗಿರಬೇಕು. ಹೊರಗೆ ತೆರೆದುಕೊಳ್ಳಲು ಬಚ್ಚಲಲ್ಲಿ ಜಾಗವೂ ಬೇಕು.

ನೀರು ಖಾಲಿಯಾಗಲು ಮಾದರಿಯನ್ನು ನೋಡಿಕೊಂಡು ಎರಡು ಮೂರು ನಿಮಿಷದಿಂದ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಬೇಗ ಖಾಲಿಯಾಗುವ ಕೆಲವು ಟಬ್‌ಗಳಲ್ಲಿ ನೀರು ಎಳೆಯಲು ಪಂಪ್ ಇರುತ್ತದೆ. ಕರೆಂಟ್ ಹೋದಾಗ ಪಂಪ್ ಇಲ್ಲದೆಯೂ ನೀರು ಇಳಿಯುತ್ತದಾ ಅಂತ ಕೇಳಿಯೇ ಮುಂದುವರಿಯಿರಿ.

ಬಿಸಿನೀರಿನ ಲೆಕ್ಕ

ನಮ್ಮ ಗೀಸರ್‌ಗಳು ಬಕೆಟ್ ಸ್ನಾನಕ್ಕೆ ಅಂತಲೇ ಇರುವಂಥವು. 15 ಅಥವಾ 25 ಲೀಟರ್. ಹಿತವಾದ ಸ್ನಾನದ ನೀರು ಅಂದರೆ ಸುಮಾರು 40 ಡಿಗ್ರಿ. ಗೀಸರಿನ ನೀರು 60 ಡಿಗ್ರಿಗೆ ಕಾದಿದೆ, ತಣ್ಣೀರು 25 ಡಿಗ್ರಿ ಇದೆ ಅಂದುಕೊಳ್ಳಿ. 15 ಲೀಟರಿನ ಗೀಸರಿನಿಂದ ಬೆರೆಸಿದ ಹದ ನೀರು 35 ಲೀಟರ್ ಸಿಗುತ್ತದೆ, ಹೆಚ್ಚುಕಡಿಮೆ ಎರಡು ಬಕೆಟ್. 25 ಲೀಟರಿನದ್ದರಿಂದ 58 ಲೀಟರ್. 180 ಲೀಟರಿನ ಟಬ್‌ಗೆ 25 ಲೀಟರಿನ ಗೀಸರ್ ಮೂರು ಸಲ ಕಾಯಬೇಕು. 2 ಕಿಲೋವಾಟ್ ಗೀಸರಿಗೆ ಒಂದು ಸಲ ಕಾಯಲು ಅರ್ಧ ಗಂಟೆ. ಮೂರನೇ ಸುತ್ತು ಕಾಯುವ ಹೊತ್ತಿಗೆ ಮೊದಲು ಬಿಟ್ಟ ನೀರು ತಣ್ಣಗಾಗಿರುತ್ತದೆ, ಅಷ್ಟೂ ಹೊತ್ತು ವಯಸ್ಸಾದವರು ಒಳಗೇ ಕೂತಿರುತ್ತಾರೆ.

ನಮ್ಮ ಹಳೆಯ ಬಚ್ಚಲುಮನೆಯ ತಾಮ್ರದ ಹಂಡೆ ನೆನಪಾಯಿತು. ಸೌದೆ, ತೆಂಗಿನ ಗರಿ, ಚಿಪ್ಪು ಹಾಕಿ ಬೆಳಗಿನ ಜಾವಕ್ಕೇ ಕಾಯಿಸುತ್ತಿದ್ದರು. ನೀರು ತುಂಬುವ ಹಬ್ಬದ ದಿನ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಳ್ಳಿ ಸುತ್ತಿ ತುಂಬಿಸಿದರೆ ಮರುದಿನ ಮನೆ ಮಂದಿಗೆಲ್ಲ ಎಣ್ಣೆ ಸ್ನಾನಕ್ಕೆ ಅದೇ ಸಾಕಾಗುತ್ತಿತ್ತು. ಮನೆ ಮಂದಿಯ ಹಬ್ಬದ ನೀರನ್ನು ಈ ಟಬ್ ಒಬ್ಬರಿಗೆ ಒಂದೇ ಸಲಕ್ಕೆ ಕೇಳುತ್ತದೆ.

ತಾರಸಿ ಮೇಲೆ ಸೋಲಾರ್ ಇದ್ದರೆ ಲೆಕ್ಕ ಬದಲಾಗುತ್ತದೆ. 180 ಲೀಟರ್ ಹದ ನೀರಿಗೆ 60 ಡಿಗ್ರಿಯ ಬಿಸಿನೀರು ಸುಮಾರು 77 ಲೀಟರ್ ಬೇಕು. 200 ಲೀಟರಿನ ಸೋಲಾರ್ ಇದ್ದರೆ ಆರಾಮ. 100 ಲೀಟರಿನದ್ದಾದರೆ ಟಬ್ ತುಂಬಿದ ಮೇಲೆ ಬೇರೆಯವರಿಗೆ ಉಳಿಯುವುದು ಒಂದು ಬಕೆಟ್ ಬಿಸಿನೀರು. ಆಷಾಢದ ಮೋಡದಲ್ಲಿ ಅದೂ ಇಲ್ಲ.

ಕರೆಂಟಲ್ಲೇ ಕಾಯಿಸಿದರೆ ಒಂದು ಟಬ್ ಸ್ನಾನಕ್ಕೆ ಸುಮಾರು 3 ಯೂನಿಟ್. ಎರಡು ಬಕೆಟ್ ಸ್ನಾನಕ್ಕೆ ಮುಕ್ಕಾಲು ಯೂನಿಟ್ಟೂ ಆಗುವುದಿಲ್ಲ. ದಿನಾ ಟಬ್ ಅಂದರೆ ತಿಂಗಳಿಗೆ 90 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ ಮೇಲ್ಮಿತಿ 200 ಯೂನಿಟ್, ಅದರಲ್ಲೂ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಮಾತ್ರ ಹೆಚ್ಚಿಗೆ ಕೊಡುವುದು. ಇಬ್ಬರೇ ಇರುವ ಮನೆಗೆ ಈ ವ್ಯತ್ಯಾಸ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ. ನೀರಂತೂ ಸರಿಯೇ ಸರಿ. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಅಂತ ನಮ್ಮ ದೇಶದಲ್ಲಿ ಲೆಕ್ಕ ಇಟ್ಟಿದ್ದಾರೆ. ಕುಡಿಯಲು, ಅಡಿಗೆಗೆ, ಬಟ್ಟೆಗೆ, ಪಾತ್ರೆಗೆ, ಎಲ್ಲಾ ಸೇರಿ. ಒಂದು ಟಬ್ ಸ್ನಾನ ಅದನ್ನೂ ಮೀರುತ್ತದೆ. ಕಾವೇರಿ, ಕಬಿನಿ ನೀರು ಬರುವ ನಮ್ಮೂರಲ್ಲೂ ಬೇಸಿಗೆಯಲ್ಲಿ ಸಂಪು ಇಣುಕಿ ನೋಡುವ ಮನೆಗಳು ಎಷ್ಟಿಲ್ಲ?

ಗ್ಯಾಸ್ ಗೀಸರ್ ಇರುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗ್ಯಾಸ್ ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಟ್ಟುಕೊಂಡು ಸ್ನಾನಕ್ಕೆ ಹೋದವರು ಅಲ್ಲೇ ಪ್ರಾಣ ಬಿಟ್ಟ ಸುದ್ದಿ ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ಬರುತ್ತದೆ. ಬಕೆಟ್ ತುಂಬಲು ಗೀಸರ್ ಐದು ನಿಮಿಷ ಉರಿದರೆ, ಟಬ್ ತುಂಬಲು ಇಪ್ಪತ್ತು ನಿಮಿಷಕ್ಕೂ ಮೇಲೆ ಉರಿಯುತ್ತದೆ, ಮನುಷ್ಯ ಅದೇ ಕೋಣೆಯಲ್ಲಿ ಕೂತೇ ಇರುತ್ತಾನೆ. ಟಬ್ ಇರಲಿ, ಬಿಡಲಿ, ಗ್ಯಾಸ್ ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಜಾಗದಲ್ಲೇ ಇರಬೇಕು. ಇದರಲ್ಲಿ ಎರಡನೇ ಮಾತಿಲ್ಲ.

ಮೈಗೆ ಏನಾಗುತ್ತದೆ

ಬಿಸಿನೀರಲ್ಲಿ ಮುಳುಗಿ ಕೂತರೆ ಸಂಧಿವಾತದವರಿಗೆ ಹಿತ. ಸ್ನಾಯು ಸಡಿಲವಾಗುತ್ತದೆ, ನೀರು ಮೈಯ ಭಾರವನ್ನು ಹೊರುವುದರಿಂದ ಮಂಡಿಗೆ, ಸೊಂಟಕ್ಕೆ ಬಿಡುವು ಸಿಗುತ್ತದೆ. ಬೆಳಗ್ಗೆ ಎದ್ದಾಗ ಕೈಕಾಲು ಬಿಗಿದುಕೊಂಡಿರುವವರಿಗೆ ಇದು ಸಣ್ಣ ಸುಖವಲ್ಲ.

ಆದರೆ ಅದೇ ಬಿಸಿಗೆ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ. ನೀರು ಬಸಿಯುತ್ತಾ ಹೋದ ಹಾಗೆ ಮೈ ಭಾರ ವಾಪಸ್ ಬರುತ್ತದೆ. ಆಗ ದಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುವುದು ಸಹಜ. ಬಿಪಿ ಮಾತ್ರೆ, ಮೂತ್ರ ಹೆಚ್ಚು ಹೋಗುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆ ತಗೊಳ್ಳುವವರಿಗೆ ಇದು ಇನ್ನೂ ಜಾಸ್ತಿ. ಅಮ್ಮನ ಡಾಕ್ಟರ್ ಹೇಳಿದ್ದು ಇಷ್ಟು: ನೀರು 40 ಡಿಗ್ರಿ ದಾಟಬಾರದು, ಹತ್ತು ಹದಿನೈದು ನಿಮಿಷ ಸಾಕು, ಹೊಟ್ಟೆ ತುಂಬ ತಿಂದ ತಕ್ಷಣ ಬೇಡ, ನೀರು ಖಾಲಿಯಾದ ಮೇಲೂ ಎರಡು ನಿಮಿಷ ಕೂತು ಆಮೇಲೆ ಏಳಬೇಕು.

ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಎಷ್ಟೋ ಸಲ ಬಿಸಿ ಗೊತ್ತಾಗುವುದೇ ಇಲ್ಲ. ವಯಸ್ಸಾದವರ ಚರ್ಮವೂ ತೆಳ್ಳಗಿರುತ್ತದೆ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಬಕೆಟ್ಟಿನಲ್ಲಾದರೆ ಬೆರೆಸಿ, ಕೈಯಿಟ್ಟು ನೋಡಿ, ಆಮೇಲೆ ಸುರಿದುಕೊಳ್ಳುತ್ತೇವೆ. ಟಬ್‌ನಲ್ಲಿ ನೀರು ಬರುವಾಗಲೇ ಕಾಲು ಕೆಳಗಿರುತ್ತದೆ. ಅದಕ್ಕೇ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟಿಕ್ ಮಿಕ್ಸರ್ ಇಲ್ಲದ ಟಬ್ ಕೊಳ್ಳಲೇಬಾರದು. ವಾಸಿಯಾಗದ ಹುಣ್ಣಿರುವವರು, ಮೂತ್ರದ ನಳಿಕೆ ಹಾಕಿರುವವರು ಡಾಕ್ಟರನ್ನು ಕೇಳದೆ ಮುಳುಗಿ ಕೂರಬಾರದು. ಮರೆವಿನ ಕಾಯಿಲೆ ಇರುವವರಿಗೆ, ನೀರು ಇಳಿಯುವವರೆಗೆ ಏಳಬಾರದು ಅನ್ನುವುದೇ ಮರೆತುಹೋಗಿ ಬಾಗಿಲು ಜಗ್ಗಿ ಗಾಬರಿಯಾಗಬಹುದು. ಅವರನ್ನು ಒಬ್ಬರೇ ಬಿಡುವ ಮಾತೇ ಇಲ್ಲ.

ಮಡಿ, ಶುದ್ಧ ಅಂತ ನೋಡುವ ಹಿರಿಯರಿಗೆ ಇನ್ನೊಂದು ಮುಜುಗರ ಇದೆ. ಮೈ ತೊಳೆದ ನೀರಲ್ಲೇ ಕೂತಿರುವುದು ಸ್ನಾನವೇ ಅಂತ ಅವರಿಗೆ ಅನ್ನಿಸುವುದಿಲ್ಲ. ಅದನ್ನು ತಳ್ಳಿಹಾಕಬೇಡಿ. ಕೊನೆಗೆ ಹ್ಯಾಂಡ್ ಶವರ್‌ನಲ್ಲಿ ತೊಳೆದುಕೊಳ್ಳಬಹುದು ಅಂತ ಮೊದಲೇ ತೋರಿಸಿ ಕೇಳಿ. ಎಣ್ಣೆ ಸ್ನಾನಕ್ಕಂತೂ ಈ ಟಬ್ ಬೇಡವೇ ಬೇಡ. ಎಣ್ಣೆ ಮೈ, ನುಣುಪಾದ ಸೀಟು, ಜಾರದೆ ಇರುತ್ತದಾ?

ಮನೆಗೆ ಸಂಬಂಧಪಟ್ಟ ಕೆಲವು ಅಡ್ಡಿಗಳನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ಬಚ್ಚಲ ಬಾಗಿಲು ಸಾಮಾನ್ಯವಾಗಿ ಎರಡೂವರೆ ಅಡಿ. ಟಬ್‌ಗಳ ಅಗಲವೂ ಅಷ್ಟರ ಆಸುಪಾಸು, ಚೌಕಟ್ಟು ಕೀಳದೆ ಒಳಗೆ ಹೋಗದೇ ಇರಬಹುದು. ಟಬ್, ನೀರು, ಮನುಷ್ಯ ಸೇರಿ ಹತ್ತಿರ ಹತ್ತಿರ 300 ಕೆಜಿ, ಒಂದು ಚದರ ಮೀಟರ್ ಜಾಗದಲ್ಲಿ. ಭಾರತೀಯ ಮಾನದಂಡದಲ್ಲಿ ಮನೆಯ ನೆಲ ಹೊರಬೇಕಾದ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ ಅಂತ ಹಿಡಿಯುತ್ತಾರೆ. ನೆಲ ಅಂತಸ್ತಿನಲ್ಲಿ ಚಿಂತೆಯಿಲ್ಲ. ಮಹಡಿ ಮೇಲಾದರೆ, ಅದರಲ್ಲೂ ಮರದ ತೊಲೆಯ ಮದ್ರಾಸ್ ತಾರಸಿ ಇರುವ ಹಳೆಯ ಮನೆಯಾದರೆ, ಎಂಜಿನಿಯರ್ ನೋಡಲೇಬೇಕು. 180 ಲೀಟರ್ ನೀರು ಒಮ್ಮೆಗೇ ಇಳಿದರೆ ಬಚ್ಚಲ ನೀರು ಹೊರಹೋಗುವ ಜಾಲರಿ ಗುಂಡಿ, ಅಂದರೆ ನಮ್ಮ ಹಳೆಯ ನಹಾನಿ ಟ್ರ್ಯಾಪ್ ತಡೆಯದೆ, ನೀರು ಬಚ್ಚಲ ನೆಲಕ್ಕೇ ಉಕ್ಕಬಹುದು. ಆಗ ಟಬ್‌ನಿಂದ ಇಳಿಯುವವರು ಕಾಲಿಡುವುದು ಸೋಪಿನ ನೀರಲ್ಲಿ! ಬೋರ್‌ವೆಲ್ ನೀರಾದರೆ ಬಾಗಿಲ ರಬ್ಬರಿನಲ್ಲಿ, ನೀರು ಬಿಡುವ ಮುಚ್ಚಳದಲ್ಲಿ ಉಪ್ಪು ಕಟ್ಟುತ್ತದೆ, ಸೋರಲು ಶುರುವಾಗುತ್ತದೆ. ಆ ರಬ್ಬರ್ ಪಟ್ಟಿ ಸಿಗುತ್ತದಾ, ಮೈಸೂರಿಗೆ ಬಂದು ಹಾಕುವವರು ಯಾರು ಅಂತ ಬರೆದು ತಗೊಳ್ಳಿ. ನೀರು ಚಿಮ್ಮುವ ಜೆಟ್ ಇರುವ ಟಬ್ ಆದರೆ ಸರಿಯಾದ ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಮುಟ್ಟಬೇಡಿ.

ಹಾಗಾದರೆ ಯಾರಿಗೆ ಇದು ಸರಿ? ಮನೆಯಲ್ಲಿ ಈಗಾಗಲೇ ಎತ್ತರದ ಬಾತ್‌ಟಬ್ ಇದ್ದು ಅದನ್ನು ದಾಟಲಾಗದವರಿಗೆ. ಬಿಸಿನೀರಲ್ಲಿ ಕೂರುವುದರಿಂದ ನೋವು ನಿಜಕ್ಕೂ ಇಳಿಯುತ್ತದೆ ಅಂತ ಅನುಭವದಿಂದ ಗೊತ್ತಿರುವವರಿಗೆ. ಪಕ್ಕದಲ್ಲಿ ಒಬ್ಬರು ಇರುವವರಿಗೆ. ನೆಲ ಅಂತಸ್ತು, ದೊಡ್ಡ ಸೋಲಾರ್, ಪ್ರೆಷರ್ ಪಂಪ್, ಅಗಲವಾದ ಬಚ್ಚಲು, ಇವೆಲ್ಲ ಇರುವ ಹೊಸ ಮನೆಯವರಿಗೆ. ಅಂಥವರು ಕೊಳ್ಳುವ ಮುಂಚೆ ಹಿರಿಯರನ್ನೇ ಕರೆದುಕೊಂಡು ಹೋಗಿ, ಅಂಗಡಿಯಲ್ಲಿ ಖಾಲಿ ಟಬ್ ಒಳಗೆ ಕೂರಿಸಿ ನೋಡಿ. ಪಾದ ನೆಲಕ್ಕೆ ಊರುತ್ತದಾ, ಬಾಗಿಲ ಚಿಲಕ ಅವರ ಕೈಯಿಂದಲೇ ಆಗುತ್ತದಾ, ನೀರು ಬಿಡುವ ಗುಂಡಿಗೆ ಬಗ್ಗದೆ ಕೈ ಎಟುಕುತ್ತದಾ ನೋಡಿ. ಮಾಮೂಲಿ ಟಬ್ ಇದ್ದು ಬಾಗಿಲಿನದ್ದು ಬೇಡವೆನಿಸಿದರೆ, ಇರುವ ಟಬ್‌ನ ಗೋಡೆಯ ಒಂದು ಭಾಗ ಕತ್ತರಿಸಿ ದಾರಿ ಮಾಡುವ ಅಗ್ಗದ ಉಪಾಯವೂ ಇದೆ. ಅಮೆರಿಕದಲ್ಲೂ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಈ ಬಾಗಿಲು ಟಬ್‌ಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ವೈದ್ಯಕೀಯ ಸಲಕರಣೆ ಅಂತ ಅದನ್ನು ಪರಿಗಣಿಸುವುದಿಲ್ಲ. ಇದನ್ನು ಹೇಳಿದ ಮೇಲೆ ಅಣ್ಣನೂ ಸ್ವಲ್ಪ ಯೋಚನೆ ಮಾಡಿದ.

ನಾವು ಮಾಡಿಸಿದ್ದು

ಕೊನೆಗೆ ಟಬ್ ಬಿಟ್ಟು, ಇರುವ ಬಚ್ಚಲನ್ನೇ ಸರಿ ಮಾಡಿಸಿದೆವು. ಮೊದಲು ಹೊಸ್ತಿಲು. ಎರಡೂವರೆ ಇಂಚಿನ ಗ್ರಾನೈಟ್ ಕಲ್ಲು ತೆಗೆಸಿ, ಅರ್ಧ ಇಂಚಿನ ಇಳಿಜಾರು ಮಾಡಿಸಿದೆವು. ನೀರು ಹೊರಗೆ ಬರುತ್ತದೆ ಅಂತ ಗಾರೆಯವರು ಒಪ್ಪಲಿಲ್ಲ. ಬಚ್ಚಲ ನೆಲದ ವಾಟ ಸರಿ ಮಾಡಿದರೆ ಬರುವುದಿಲ್ಲ, ನಮಗೆ ಬರಲೂ ಇಲ್ಲ. ಹಳೆಯ ಹೊಳಪಿನ ಟೈಲ್ಸ್ ಮೇಲೆ ಒರಟು ಟೈಲ್ಸ್ ಹಾಕಿಸಿದೆವು. ಟೈಲ್ಸ್ ಕೊಳ್ಳುವಾಗ ಆರ್10, ಆರ್11 ಅಂತ ಜಾರು ತಡೆಯುವ ಅಳತೆ ಇರುತ್ತದೆ, ಅಂಕಿ ಹೆಚ್ಚಾದಷ್ಟೂ ಹಿಡಿತ ಜಾಸ್ತಿ. ಅಂಗಡಿಯಲ್ಲಿ ಒಂದು ತುಂಡಿನ ಮೇಲೆ ನೀರು ಸುರಿದು, ಚಪ್ಪಲಿ ಬಿಟ್ಟು ನಿಂತು ನೋಡಿ. ಒಣ ಟೈಲ್ಸ್ ಮೇಲೆ ಯಾರೂ ಜಾರುವುದಿಲ್ಲ. ಇನ್ನೊಂದು ವಿಷಯ, ಹೀರು ಬಟ್ಟಲಿರುವ ರಬ್ಬರ್ ಮ್ಯಾಟ್ ನುಣುಪಾದ ನೆಲಕ್ಕೆ ಮಾತ್ರ ಅಂಟುತ್ತದೆ. ಒರಟು ಟೈಲ್ಸ್ ಮೇಲೆ ಅದೇ ಜಾರುವ ವಸ್ತುವಾಗುತ್ತದೆ. ಹಳೆಯ ಸೀರೆ ಮಡಿಸಿ ಬಾಗಿಲಲ್ಲಿ ಹಾಕುವ ಕಾಲೊರಸು ಕೂಡ ಹಾಗೇ.

ಆಮೇಲೆ ಹಿಡಿಗಳು. ಟವೆಲ್ ಹಾಕುವ ರಾಡನ್ನೇ ಹಿಡಿಯಾಗಿ ನಂಬುವವರು ಬಹಳ ಜನ, ಅಮ್ಮನೂ ಹಾಗೇ ಮಾಡುತ್ತಿದ್ದರು. ಅದು ಟವೆಲ್ಲಿನ ಭಾರಕ್ಕೆ ಮಾತ್ರ. ಕೈ ಪೂರ್ತಿ ಸುತ್ತುವಷ್ಟು ದಪ್ಪದ, ಒಂದೂಕಾಲು ಒಂದೂವರೆ ಇಂಚಿನ ಸ್ಟೀಲ್ ಹಿಡಿ ಬೇಕು. ಗೋಡೆಗೂ ಅದಕ್ಕೂ ಒಂದೂವರೆ ಇಂಚು ಸಂದಿ ಸಾಕು. ಜಾಸ್ತಿಯಾದರೆ ತೋಳು ಸಿಕ್ಕಿಕೊಳ್ಳುತ್ತದೆ. ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ಆಂಕರ್ ಬೋಲ್ಟ್ ಹೋಗಬೇಕು. ಎತ್ತರವನ್ನು ಪುಸ್ತಕ ನೋಡಿ ಗುರುತು ಮಾಡಲಿಲ್ಲ. ಅಮ್ಮನನ್ನು ಕುರ್ಚಿಯಿಂದ ಏಳಿಸಿ, ಅವರ ಕೈ ತಾನಾಗಿ ಗೋಡೆಗೆ ಹೋದ ಜಾಗದಲ್ಲಿ ಸೀಮೆಸುಣ್ಣ ಎಳೆದೆವು. ಒಂದು ಅಡ್ಡಕ್ಕೆ, ಒಂದು ಬಾಗಿಲ ಪಕ್ಕ ಉದ್ದಕ್ಕೆ. ಕೆಲಸ ಮುಗಿದ ಮೇಲೆ ಪ್ಲಂಬರಿಗೆ, "ನೀವೇ ಒಂದ್ಸಲ ಜೋತುಬಿದ್ದು ತೋರಿಸಿ" ಅಂದೆ. ಎರಡೂ ಕೈಯಲ್ಲಿ ಹಿಡಿದು ಕಾಲೆತ್ತಿ ತೋರಿಸಿದರು. "ನಿಮ್ಮ ತಾಯಿ ಮಾತ್ರ ಅಲ್ಲ ಮೇಡಂ, ನೀವೂ ಹಿಡ್ಕೊಳ್ಳಿ" ಅಂದರು.

ಮಣೆ ಅಟ್ಟ ಸೇರಿತು. ಅದರ ಜಾಗಕ್ಕೆ ಕೈಯಿರುವ, ಕಾಲಿಗೆ ರಬ್ಬರ್ ಬುಷ್ ಇರುವ, ಎತ್ತರ ಹೊಂದಿಸಬಹುದಾದ ಸ್ನಾನದ ಕುರ್ಚಿ ಬಂತು. ವೈದ್ಯಕೀಯ ಸಲಕರಣೆ ಅಂಗಡಿಗಳಲ್ಲಿ ಸಿಗುತ್ತದೆ. ಮಾಮೂಲಿ ಪ್ಲಾಸ್ಟಿಕ್ ಕುರ್ಚಿ ಬೇಡ, ಒದ್ದೆ ನೆಲದಲ್ಲಿ ಅದರ ಕಾಲು ಅಗಲಿಕೊಳ್ಳುತ್ತದೆ. ಬಕೆಟ್ಟಿಗೆ ಒಂದೂಕಾಲು ಅಡಿಯ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆವು, ಈಗ ಬಗ್ಗಬೇಕಾಗಿಲ್ಲ. ಕೂತಲ್ಲಿಗೆ ಎಟುಕುವ ಹ್ಯಾಂಡ್ ಶವರ್, ಹಿಡಿಯಲ್ಲೇ ನಿಲ್ಲಿಸುವ ಗುಂಡಿ ಇರುವಂಥದ್ದು.

ಬಚ್ಚಲ ಬಾಗಿಲ ವಿಷಯದಲ್ಲಿ ಅಮ್ಮನ ಜೊತೆ ಒಂದು ವಾರ ಚರ್ಚೆಯಾಯಿತು. ಮೊದಲು ಅದು ಒಳಗೆ ತೆರೆಯುತ್ತಿತ್ತು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ತೆಗೆಯಲಾಗುವುದಿಲ್ಲ ಅಂತ ಹೊರಗೆ ತೆರೆಯುವಂತೆ ತಿರುಗಿಸಿದೆವು. ಚಿಲಕ ಹಾಕಬೇಡ ಅಂದಿದ್ದಕ್ಕೆ, "ಈ ವಯಸ್ಸಲ್ಲಿ ನನಗೆ ಮಾನ ಮರ್ಯಾದೆ ಬೇಡ್ವಾ?" ಅಂತ ಬೇಸರ ಮಾಡಿಕೊಂಡರು. ಅವರು ಹೇಳಿದ್ದು ಸರಿ. ಕೊನೆಗೆ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಬೀಗ ಹಾಕಿಸಿದೆವು. ಒಂದು ರೂಪಾಯಿ ನಾಣ್ಯ ಬಾಗಿಲ ಪಕ್ಕದ ಮೊಳೆಗೆ ಪುಟ್ಟ ಚೀಲದಲ್ಲಿ ತೂಗುತ್ತಿರುತ್ತದೆ. ಒಳಗೆ, ಕೂತಾಗ ಕೈಗೆ ಸಿಗುವ ಎತ್ತರದಲ್ಲಿ ಒಂದು ಬೆಲ್. ನೆಲಕ್ಕೆ ಬಿದ್ದರೂ ಸಿಗಲಿ ಅಂತ ಅದಕ್ಕೆ ನೆಲ ಮುಟ್ಟುವ ದಾರ.

ಮಂಡಿಗೆ ಬಿಸಿನೀರಿನ ಹಿತ ಬೇಕು ಅಂತ ಅಮ್ಮನಿಗೆ ಇನ್ನೂ ಆಸೆ. ಅದಕ್ಕೆ ಸಂಜೆ ಹೊತ್ತು ಹಾಲಿನಲ್ಲಿ ಕುರ್ಚಿ ಮೇಲೆ ಕೂತು, ಬಿಸಿನೀರಲ್ಲಿ ಅದ್ದಿ ಹಿಂಡಿದ ದಪ್ಪ ಟವೆಲ್ಲನ್ನು ಮಂಡಿಗೆ ಸುತ್ತಿಕೊಳ್ಳುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ಬಿಸಿಯನ್ನು ಮೊದಲು ನನ್ನ ಮುಂಗೈಗೆ ತಾಗಿಸಿ ನೋಡುತ್ತೇನೆ.

ಹ್ಯಾಂಡ್ ಶವರ್ ಅಭ್ಯಾಸವಾಗಿದೆ. ಆದರೂ ಕೊನೆಯ ಎರಡು ಚೊಂಬು ತಲೆ ಮೇಲೆ ಸುರಿದುಕೊಳ್ಳದಿದ್ದರೆ ಸ್ನಾನವಾದ ಹಾಗೇ ಅಲ್ಲ ಅನ್ನುತ್ತಾರೆ. ಮೊದಲು ಅದನ್ನು ಎದ್ದು ನಿಂತು, ತಲೆ ಹಿಂದಕ್ಕೆ ಬಾಗಿಸಿ ಮಾಡುತ್ತಿದ್ದರು. ಈಗ ಕೂತೇ ಮಾಡುತ್ತಾರೆ, ಎಡಗೈ ಹಿಡಿಯ ಮೇಲೆ, ಬಲಗೈಯಲ್ಲಿ ಚೊಂಬು. ಹಿತ್ತಾಳೆಯದ್ದು ಭಾರ ಅಂತ ಸಣ್ಣ ಸ್ಟೀಲಿನದ್ದು ತಂದುಕೊಟ್ಟಿದ್ದೇನೆ. ಅಡುಗೆಮನೆಯಲ್ಲಿರುವಾಗ ಆ ಎರಡು ಚೊಂಬಿನ ಸದ್ದಿಗೆ ಕಿವಿ ಕೊಟ್ಟಿರುತ್ತೇನೆ. ಎರಡನೆಯದು ಕೇಳಿದ ಮೇಲೆ ಕಾಫಿಗೆ ಹಾಲು ಇಡುತ್ತೇನೆ.